ತೋಟದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್: ವಾರಾಂತ್ಯದ ರೈತನೊಬ್ಬನ ವಿಮರ್ಶೆ

ಪೇಟೆಯಲ್ಲಿ ನೌಕರಿ, ಊರಲ್ಲಿ ತೋಟ ಎಂದು ಎರಡನ್ನೂ ನಡೆಸಿಕೊಂಡು ಹೋಗುವ ನಡುವಯಸ್ಸಿನವರು ತುಮಕೂರು ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಗುಬ್ಬಿ ತಾಲ್ಲೂಕಿನ ನಿಟ್ಟೂರು ಹೋಬಳಿಯಲ್ಲಿ ತಂದೆಯವರು ಬಿಟ್ಟುಹೋದ ತೆಂಗಿನ ತೋಟವನ್ನೂ ಅದಕ್ಕೆ ಹೊಂದಿಕೊಂಡ ರಾಗಿ ಹೊಲವನ್ನೂ ನೋಡಿಕೊಳ್ಳುವ ನಾನು ಅವರಲ್ಲೊಬ್ಬ. ತೋಟದ ನೀರಿನ ಮೋಟಾರನ್ನು ದೂರದಿಂದ ಫೋನಿನಲ್ಲೇ ಚಾಲೂ ಮಾಡುವ, ನಿಲ್ಲಿಸುವ ಮೊಬೈಲ್ ಸ್ಟಾರ್ಟರನ್ನು ನಮ್ಮಂಥವರು ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ ಕೊಳ್ಳಿ ಎಂದೇ ಹೇಳುತ್ತೇನೆ. ಒಂದು ಪೂರ್ತಿ ಬೇಸಿಗೆಯನ್ನೂ ಒಂದು ಮಳೆಗಾಲವನ್ನೂ ಅದರ ಜೊತೆ ಕಳೆದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಇನ್ನು ಮೇಲೆ ತೋಟಕ್ಕೆ ಓಡಾಡುವುದೇ ತಪ್ಪುತ್ತದೆ ಎಂದು ಅಂಗಡಿಯವರು ಇದನ್ನು ಮಾರುತ್ತಾರೆ. ನನಗೆ ಅದರಿಂದ ಆದ ಉಪಕಾರವೇ ಬೇರೆ: ತೋಟಕ್ಕೆ ಹೋದ ದಿನ ಮನಸ್ಸೂ ತೋಟದಲ್ಲೇ ಇರುತ್ತದೆ, ತರಗತಿಯಲ್ಲಿ ನಿಂತ ದಿನ ತರಗತಿಯಲ್ಲೇ ಇರುತ್ತದೆ.

ಈ ಸಾಧನವನ್ನು ನೋಡದವರಿಗಾಗಿ ಅದರ ಪರಿಚಯ ಹೇಳಬೇಕು. ಪಂಪ್‌ಹೌಸಿನ ಗೋಡೆಯ ಮೇಲಿರುವ ಹಳೆಯ ಸ್ಟಾರ್ಟರಿನ ಪಕ್ಕದಲ್ಲಿ ಕೂರುವ, ಊಟದ ಡಬ್ಬಿಯಷ್ಟೇ ಗಾತ್ರದ ಒಂದು ಪೆಟ್ಟಿಗೆ ಇದು. ಒಳಗೊಂದು ಸಿಮ್ ಕಾರ್ಡ್ ಇರುತ್ತದೆ. ಮೂರು ಫೇಸುಗಳ, ಅಂದರೆ ಮೋಟಾರಿಗೆ ವಿದ್ಯುತ್ ತರುವ ಮೂರು ತಂತಿಗಳ, ವೋಲ್ಟೇಜನ್ನು ಅಳೆಯುವ ವಯರುಗಳು, ಮೋಟಾರ್ ಎಳೆಯುವ ಕರೆಂಟನ್ನು ಅಳೆಯುವ ಸಿ.ಟಿ. ಕಾಯಿಲ್‌ಗಳು, ಹಳೆಯ ಸ್ಟಾರ್ಟರಿನ ಹಸಿರು ಮತ್ತು ಕೆಂಪು ಗುಂಡಿಗಳ ಕೆಲಸವನ್ನು ತಾನೇ ಮಾಡುವ ರಿಲೇಗಳು, ಕರೆಂಟ್ ಹೋದಾಗಲೂ ಸಂದೇಶ ಕಳಿಸಲು ಒಂದು ಪುಟ್ಟ ಬ್ಯಾಟರಿ, ಇಷ್ಟು ಅದರೊಳಗಿನ ಸಾಮಗ್ರಿ. ನಮ್ಮ ಫೋನಿನಿಂದ ಕರೆ ಮಾಡಿ ಒಂದು ಸಂಖ್ಯೆ ಒತ್ತಿದರೆ ಮೋಟಾರ್ ಚಾಲೂ ಆಗುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ನಾವು ನಮೂದಿಸಿದ ನಂಬರುಗಳನ್ನು ಬಿಟ್ಟು ಬೇರೆಯವರ ಕರೆಯನ್ನು ಅದು ಸ್ವೀಕರಿಸುವುದಿಲ್ಲ. ಒಂದು ಫೇಸ್ ತಪ್ಪಿದರೆ, ವೋಲ್ಟೇಜ್ ತೀರಾ ಇಳಿದರೆ ಅಥವಾ ಏರಿದರೆ, ಮೋಟಾರ್ ಅತಿಯಾದ ಕರೆಂಟ್ ಎಳೆದರೆ, ಬೋರಿನಲ್ಲಿ ನೀರು ತಪ್ಪಿ ಮೋಟಾರ್ ಒಣ ಓಡಿದರೆ ತಾನಾಗಿ ನಿಲ್ಲಿಸುತ್ತದೆ. ಇದನ್ನು ತಯಾರಿಸುವ ಕಂಪನಿಗಳು ಹಲವು ಇವೆ. ಕೆಲಸ ಮಾಡುವ ರೀತಿ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ನನ್ನ ಪೆಟ್ಟಿಗೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಕೊಟ್ಟ ಬೆಲೆ, ಜೋಡಿಸಿದ ಎಲೆಕ್ಟ್ರಿಷಿಯನ್ನರ ಕೂಲಿಯೂ ಸೇರಿ, ಏಳು ಸಾವಿರ ರೂಪಾಯಿಯ ಆಸುಪಾಸು.

ಇಂಥದೊಂದು ಪೆಟ್ಟಿಗೆ ನಮಗೆ ಏಕೆ ಬೇಕಾಯಿತು ಎಂಬುದಕ್ಕೆ ನಮ್ಮ ಕಡೆಯ ವಿದ್ಯುತ್ತಿನ ರೀತಿಯೇ ಕಾರಣ. ಕೃಷಿ ಪಂಪ್‌ಸೆಟ್‌ಗಳಿಗೆ ಬೆಸ್ಕಾಂ ಕೊಡುವ ತ್ರೀ ಫೇಸ್ ವಿದ್ಯುತ್ ದಿನಕ್ಕೆ 7 ಗಂಟೆ, ಅದೂ ಬಹುತೇಕ ಕಡೆ ಹಗಲಿಗಷ್ಟು ರಾತ್ರಿಗಷ್ಟು ಎಂದು ಹಂಚಿಹೋಗಿರುತ್ತದೆ, ಪಾಳಿ ಬದಲಾದಂತೆ ಹೊತ್ತೂ ಬದಲಾಗುತ್ತದೆ. ಊರಿನಲ್ಲೇ ಇರುವ ರೈತನೂ ಮಧ್ಯರಾತ್ರಿ ಟಾರ್ಚ್ ಹಿಡಿದು ಹಾವು, ಕರಡಿ, ಚಿರತೆಯ ಭಯದಲ್ಲೇ ಪಂಪ್‌ಹೌಸಿಗೆ ಹೋಗಬೇಕು. ನಮ್ಮ ಜಿಲ್ಲೆಯಲ್ಲಿ ಈ ಭಯ ಬರಿಯ ಮಾತಲ್ಲ ಎಂಬುದನ್ನು ತುಮಕೂರು, ಕುಣಿಗಲ್, ಗುಬ್ಬಿ ತಾಲ್ಲೂಕುಗಳ ಚಿರತೆ ದಾಳಿಯ ಸುದ್ದಿಗಳನ್ನು ಓದಿದವರು ಬಲ್ಲರು. ಹೀಗಿರುವಾಗ ತೋಟದಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ ಮಲಗಿರುವವನು ಏನು ಮಾಡಬೇಕು? ಊರಿನವರ ಉಪಕಾರವನ್ನು ನೆಚ್ಚಬೇಕು. ನಾನೂ ಹಾಗೆಯೇ ಮಾಡುತ್ತಿದ್ದೆ. ಪಕ್ಕದ ತೋಟದ ಹಿರಿಯರಿಗೆ ಫೋನ್ ಮಾಡಿ, "ಅಣ್ಣ, ಕರೆಂಟ್ ಬಂತಾ? ಹಂಗೇ ನಮ್ಮದೂ ಒಂದು ಆನ್ ಮಾಡಿಬಿಡಿ" ಎಂದು ಕೇಳುವುದು, ಅವರು ಒಮ್ಮೆ ಮರೆತರೆ ಮತ್ತೆ ಕೇಳಲು ಸಂಕೋಚ ಪಡುವುದು, ಅವರು ಎತ್ತದಿದ್ದರೆ ಅವರ ಮಗನಿಗೆ ಮಾಡುವುದು, ಬೇಸಿಗೆಯ ಉದ್ದಕ್ಕೂ ಇದೇ ನಡೆಯುತ್ತಿತ್ತು. ಅವರು ಒಂದು ದಿನವೂ ಬೇಸರ ತೋರಿಸಲಿಲ್ಲ. ಆದರೂ ಪ್ರತಿದಿನ ಒಬ್ಬರ ಮುಂದೆ ಕೈಯೊಡ್ಡಿ ನಿಲ್ಲುವುದು, ಅದೂ ಸ್ವಂತ ಸ್ವಿಚ್ಚೊಂದನ್ನು ಒತ್ತುವುದಕ್ಕಾಗಿ, ಮನಸ್ಸಿಗೆ ಭಾರವಾಗಿಯೇ ಇತ್ತು.

ನಲವತ್ತೆಂಟನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಕೆಲಸದ ಹೊರೆಗಿಂತ ಎರಡು ಕಡೆ ಹರಿದುಹೋಗುವ ಗಮನ ಹೆಚ್ಚು ದಣಿವು ತರುತ್ತದೆ ಎಂಬುದು ನಾನು ಕಂಡುಕೊಂಡ ಮಾತು. ಮಕ್ಕಳು ಓದಿಗಾಗಿ ಬೆಂಗಳೂರು ಸೇರಿದ್ದಾರೆ. ನನ್ನ ಹೆಂಡತಿಗೆ ಅವರದೇ ಶಾಲೆಯ ಕೆಲಸವಿದೆ. ತಂದೆ ತಾಯಿ ಇಬ್ಬರೂ ಈಗ ಇಲ್ಲ. ಭೂಮಿಯನ್ನು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟುಬಿಡಿ ಎಂದು ಹೇಳಿದವರಿದ್ದರು, ಸೈಟು ಮಾಡಿ ಮಾರಿ ಎಂದವರೂ ಇದ್ದರು. ನಾನು ಎರಡಕ್ಕೂ ಒಪ್ಪದೆ ಉಳಿಸಿಕೊಂಡದ್ದು ಆದಾಯವನ್ನು ನೆಚ್ಚಿಕೊಂಡು ಅಲ್ಲ. ವಾರದ ಐದಾರು ದಿನ ಮಾತಿನಲ್ಲೇ ಕಳೆಯುವ ನನಗೆ ಮಾತಿಲ್ಲದ ಒಂದು ದಿನ ಬೇಕಾಗಿತ್ತು, ಅದು ಆ ತೋಟದಲ್ಲಿ ಮಾತ್ರ ಸಿಗುತ್ತಿತ್ತು. ಆದರೆ ಅಲ್ಲಿಗೆ ಹೋದಾಗಲೂ ಆ ದಿನ ನನ್ನದಾಗುತ್ತಿರಲಿಲ್ಲ. ಭಾನುವಾರ ಬೆಳಗ್ಗೆಯಿಂದ ಪಂಪ್‌ಹೌಸಿನ ಕಟ್ಟೆಯ ಮೇಲೆ ಕುಳಿತು ಕರೆಂಟಿಗೆ ಕಾಯುವುದು, ಬಂದ ಕೂಡಲೇ ಗುಂಡಿ ಒತ್ತುವುದು, ಟ್ರಿಪ್ ಆದರೆ ಎದ್ದು ಹೋಗಿ ಮತ್ತೆ ಒತ್ತುವುದು, ನಡುವೆ ಯಾವ ಕೆಲಸಕ್ಕೆ ಕೈ ಹಾಕಿದರೂ ಕಿವಿ ಮಾತ್ರ ಮೋಟಾರಿನ ಕಡೆಗೇ. ಸೋಮವಾರ ತರಗತಿಯಲ್ಲಿ ನಿಂತರೆ ಅಲ್ಲಿಯೂ ಅದೇ ಯೋಚನೆ. ಮೊಬೈಲ್ ಸ್ಟಾರ್ಟರನ್ನು ನಾನು ತೂಗಿ ನೋಡಿದ್ದು ಈ ತಕ್ಕಡಿಯಲ್ಲಿ.

ತುಮಕೂರಿನ ಬಿ.ಎಚ್. ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ಪೆಟ್ಟಿಗೆಯನ್ನು ಕೊಂಡೆ. ಜೋಡಣೆಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಇದನ್ನು ನಮ್ಮ ಮೋಟಾರು, ನಮ್ಮ ಬೋರು ಎರಡನ್ನೂ ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಕೂರಿಸಬೇಕು. ನಿಟ್ಟೂರಿನಿಂದ ಬಂದವರು ಮೊದಲು ಹಳೆಯ ಸ್ಟಾರ್ಟರಿನಿಂದಲೇ ಮೋಟಾರನ್ನು ಓಡಿಸಿ, ನೀರು ಪೈಪಿನ ತುಂಬ ಬರಲು ಬಿಟ್ಟು, ಕರೆಂಟ್ ಅಳೆಯುವ ಟಾಂಗ್ ಟೆಸ್ಟರನ್ನು ಒಂದೊಂದೇ ವಯರಿಗೆ ಹಾಕಿ ಓದಿದರು. ಹದಿಮೂರು ಆಂಪಿಯರ್‌ಗೆ ಸ್ವಲ್ಪ ಕಡಿಮೆ. ಆಮೇಲೆ ಪೈಪಿನ ನೀರನ್ನು ತಡೆಯುವ ಗೇಟ್‌ವಾಲ್ವನ್ನು ಬಹುಪಾಲು ಮುಚ್ಚಿ ನೀರು ಕಡಿಮೆಯಾದಾಗ ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡಿದರು. ಈ ಎರಡರ ನಡುವಿನ ಒಂದು ಅಂಕಿಯನ್ನು ಒಣ ಓಟದ ಮಿತಿಯೆಂದು ಪೆಟ್ಟಿಗೆಯಲ್ಲಿ ನಮೂದಿಸಿದರು. ಈ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು, ಇಡೀ ಸಾಧನದ ಉಪಯೋಗ ನಿಂತಿರುವುದು ಆ ಅರ್ಧ ಗಂಟೆಯ ಮೇಲೆ. ಕಂಪನಿ ಕೊಟ್ಟ ಮಿತಿಯನ್ನೇ ಹಾಗೇ ಬಿಟ್ಟು ಹೋಗುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ. ಅಂಥ ಪೆಟ್ಟಿಗೆ ಬೇಕಿಲ್ಲದಾಗ ಮೋಟಾರ್ ನಿಲ್ಲಿಸುತ್ತದೆ, ನಿಲ್ಲಿಸಬೇಕಾದಾಗ ಸುಮ್ಮನಿರುತ್ತದೆ.

ಒಣ ಓಟದ ರಕ್ಷಣೆ ಏಕೆ ಮುಖ್ಯ ಎಂದರೆ, ಬೋರಿನ ನೀರಿನಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಅದರ ಸುತ್ತ ಹರಿಯುವ ನೀರು. ನೀರು ತಪ್ಪಿದ ಮೇಲೂ ಓಡಿದರೆ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ಸುಡುತ್ತದೆ, ಬೇರಿಂಗ್ ಸವೆಯುತ್ತದೆ. ಸುಟ್ಟ ಮೋಟಾರನ್ನು ಏಳುನೂರು ಅಡಿಯಿಂದ ಎತ್ತಲು ಗಾಡಿ ಕರೆಸಬೇಕು, ಪೈಪುಗಳನ್ನು ಒಂದೊಂದಾಗಿ ಬಿಚ್ಚಬೇಕು, ರಿವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಒಂದು ಸಲದ ಆ ಖರ್ಚಿನಲ್ಲಿ ಇಂಥ ಎರಡು ಮೂರು ಪೆಟ್ಟಿಗೆಗಳು ಬರುತ್ತವೆ. ನಮ್ಮ ಬೋರು ಮಾರ್ಚ್ ಕಳೆದ ಮೇಲೆ ಗ್ಯಾಪ್ ಕೊಡುವಂಥದು. ಒಂದೂವರೆ ಗಂಟೆ ಚೆನ್ನಾಗಿ ಬಂದು, ನಿಂತು, ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಬರುತ್ತದೆ. ಪೆಟ್ಟಿಗೆಯಲ್ಲಿರುವ ಸೈಕ್ಲಿಕ್ ಟೈಮರ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇಷ್ಟು ಹೊತ್ತು ಓಡು, ಇಷ್ಟು ಹೊತ್ತು ನಿಲ್ಲು ಎಂದು ಒಮ್ಮೆ ಹೇಳಿಟ್ಟರೆ, ಬೋರಿಗೆ ಬಿಡುವು ಕೊಟ್ಟು ಕೊಟ್ಟು ನೀರೆತ್ತುತ್ತದೆ. ಬೇಸಿಗೆಯ ಕೊನೆಯಲ್ಲಿ ನನ್ನ ಮೋಟಾರ್ ಉಳಿದದ್ದು ಈ ಒಂದು ಸೌಲಭ್ಯದಿಂದ ಎಂದು ನಂಬಿದ್ದೇನೆ.

ಇನ್ನು ಆಟೋ ಎಂಬ ಸೌಲಭ್ಯದ ವಿಷಯ. ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನೇ ಚಾಲೂ ಮಾಡಿ, ಹೋಗುವ ತನಕ ಓಡಿಸುವ ಈ ಕ್ರಮವನ್ನೇ ಹೆಚ್ಚಿನವರು ಇಷ್ಟಪಡುತ್ತಾರೆ. ತಡವೂ ಮಿತಿಯೂ ಇಲ್ಲದೆ ನಾನು ಇದನ್ನು ಬಳಸುವುದಿಲ್ಲ, ಹಾಗೆ ಬಳಸಬೇಡಿ ಎಂದು ಇತರರಿಗೂ ಹೇಳುತ್ತೇನೆ. ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ಎಲ್ಲ ಮೋಟಾರುಗಳೂ ಕರೆಂಟ್ ಬಂದ ಗಳಿಗೆಯಲ್ಲೇ ಒಟ್ಟಿಗೆ ಎದ್ದರೆ, ಪ್ರತಿ ಮೋಟಾರೂ ಎದ್ದೇಳುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ, ವೋಲ್ಟೇಜ್ ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರೇ ಸುಡುತ್ತದೆ. ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದರ ಕೆಳಗಿನ ಎಲ್ಲ ತೋಟಗಳೂ ಒಣಗುತ್ತವೆ. ಆದ್ದರಿಂದ ಆಟೋ ಇಟ್ಟುಕೊಳ್ಳಲೇಬೇಕೆನ್ನುವವರು ಕರೆಂಟ್ ಬಂದ ಐದೋ ಹತ್ತೋ ನಿಮಿಷದ ನಂತರ ಚಾಲೂ ಆಗುವಂತೆ ತಡವನ್ನು ನಮೂದಿಸಬೇಕು, ಅದೂ ಅಕ್ಕಪಕ್ಕದವರೊಂದಿಗೆ ಮಾತಾಡಿಕೊಂಡು ಬೇರೆಬೇರೆ ಹೊತ್ತಿಗೆ.

ಆದರೆ ನನ್ನ ಮುಖ್ಯ ಆಕ್ಷೇಪ ನೀರಿನದು. ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಬಿಲ್ಲು ಬರದ ಮೋಟಾರ್ ಎಷ್ಟು ಹೊತ್ತು ಓಡಿದರೂ ಜೇಬಿಗೆ ತಟ್ಟುವುದಿಲ್ಲ, ಹಾಗಾಗಿ ಆಟೋದಲ್ಲಿ ಬಿಟ್ಟ ಮೋಟಾರ್ 7 ಗಂಟೆಯೂ ಓಡುತ್ತದೆ. ತೆಂಗಿಗೆ ಅಷ್ಟು ನೀರು ಬೇಡ. ನನ್ನ ತೋಟದಲ್ಲಿ 30 ಅಡಿ ಅಂತರದಲ್ಲಿ ನೆಟ್ಟ ತಿಪಟೂರು ಟಾಲ್ ತಳಿಯ ಮರಗಳಿವೆ, ಎಕರೆಗೆ 48ರ ಲೆಕ್ಕ. ಮರವೊಂದಕ್ಕೆ ಹನಿಹನಿಯಾಗಿ ಗಂಟೆಗೆ 8 ಲೀಟರ್ ನೀರು ಬಿಡುವ ನಾಲ್ಕು ಡ್ರಿಪ್ಪರ್ ಹಾಕಿದ್ದೇನೆ, ಅಂದರೆ ಗಂಟೆಗೆ 32 ಲೀಟರ್. ತೋಟವನ್ನು ಎರಡು ಭಾಗ ಮಾಡಿ, ದಿನಕ್ಕೊಂದು ಭಾಗಕ್ಕೆ ನಾಲ್ಕು ಗಂಟೆ ಬಿಟ್ಟರೆ ಮರಕ್ಕೆ 128 ಲೀಟರ್ ಸಿಕ್ಕಿತು, ದಿನಕ್ಕೆ 64 ಲೀಟರ್ ಬಿತ್ತು. ನಮ್ಮ ಬೇಸಿಗೆಗೆ ಅದು ಸಾಕು. ಮಿಕ್ಕ ಮೂರು ಗಂಟೆ ಓಡಿಸಿದರೆ ಆ ನೀರು ಬೇರಿನ ಕೆಳಗೆ ಇಳಿದು ಹೋಗುತ್ತದೆ. ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿರುವಾಗ, ಹೇಮಾವತಿ ನಾಲೆಯ ನೀರು ಕೆರೆಗೆ ಬಂದ ವರ್ಷ ಬೋರು ಚೇತರಿಸಿಕೊಂಡು ಬಾರದ ವರ್ಷ ಸೊರಗುವುದನ್ನು ಕಣ್ಣಾರೆ ಕಂಡಿರುವಾಗ, ಕೂತಲ್ಲಿಂದಲೇ ಬಿಡಬಹುದು ಎಂಬ ಕಾರಣಕ್ಕೆ ನೀರು ಪೋಲು ಮಾಡುವುದು ನೆರೆಯ ಬೋರಿಗೆ ಮಾಡುವ ಅನ್ಯಾಯ. ನಾನು ಕರೆಂಟ್ ಬಂದು ಸ್ವಲ್ಪ ಹೊತ್ತಾದ ಮೇಲೆ ಏಳುವಂತೆ ಇಟ್ಟು, ನಾಲ್ಕು ಗಂಟೆಯ ಟೈಮರ್ ಹಾಕಿದ್ದೇನೆ. ಅಷ್ಟು ಓಡಿದ ಮೇಲೆ ಪೆಟ್ಟಿಗೆ ತಾನೇ ನಿಲ್ಲಿಸುತ್ತದೆ, ಆ ದಿನ ಮತ್ತೆ ಕರೆಂಟ್ ಬಂದರೂ ಎಬ್ಬಿಸುವುದಿಲ್ಲ. ಈ ಸಾಧನದ ಅತ್ಯುತ್ತಮ ಗುಣ ಯಾವುದು ಎಂದರೆ ಚಾಲೂ ಮಾಡುವುದಕ್ಕಿಂತ ನಿಲ್ಲಿಸುವುದನ್ನೇ ಹೇಳುತ್ತೇನೆ.

ಪೆಟ್ಟಿಗೆಗೆ ತಿಳಿಯದ ಸಂಗತಿಗಳೂ ಇವೆ, ಕೊಳ್ಳುವವರು ಅವನ್ನು ತಿಳಿದೇ ಕೊಳ್ಳಬೇಕು. ಜೋಡಣೆಯಾದ ವಾರ ಪಕ್ಕದ ತೋಟದ ಹಿರಿಯರು ಬಂದು, ಪೆಟ್ಟಿಗೆಯನ್ನು ಸುತ್ತಮುತ್ತ ನೋಡಿ, "ಮೇಷ್ಟ್ರೇ, ಮೋಟ್ರು ಆನ್ ಆಯ್ತು ಅಂತ ಫೋನು ಹೇಳ್ತದೆ, ಸರಿ. ಮರದ ಬುಡಕ್ಕೆ ನೀರು ಬಿತ್ತು ಅಂತ ಹೇಳ್ತದಾ?" ಎಂದು ಕೇಳಿದರು. ಈ ಪ್ರಶ್ನೆಗೆ ಪೆಟ್ಟಿಗೆಯ ಕೈಪಿಡಿಯಲ್ಲಿ ಉತ್ತರವಿಲ್ಲ. ಅದಕ್ಕೆ ತಿಳಿಯುವುದು ವೋಲ್ಟೇಜ್ ಮತ್ತು ಕರೆಂಟ್ ಮಾತ್ರ. ಸಾಲುಗಳಿಗೆ ನೀರು ಒಯ್ಯುವ ಸಬ್‌ಮೈನ್ ಪೈಪು ಒಡೆದು ನೀರೆಲ್ಲ ಬದುವಿನ ಪಕ್ಕ ಹರಿದುಹೋದರೆ ಮೋಟಾರ್ ಇನ್ನಷ್ಟು ಸಲೀಸಾಗಿ ನೀರೆತ್ತುತ್ತದೆ, ಕರೆಂಟ್ ಕೊಂಚ ಏರಿದರೂ ಮಿತಿಯೊಳಗೇ ಇರುತ್ತದೆ, ಆದ್ದರಿಂದ ಫೋನಿಗೆ ಬರುವ ಸಂದೇಶ ಎಂದಿನಂತೆ ಎಲ್ಲವೂ ಸರಿಯಿದೆ ಎಂಬುದೇ. ಮರದ ಸಾಲಿನುದ್ದಕ್ಕೂ ಹಾದ, ಇಲಿ, ಅಳಿಲು ಕಡಿದ ಸಣ್ಣ ಲ್ಯಾಟರಲ್ ಪೈಪು, ಉಪ್ಪು ಕಟ್ಟಿದ ಡ್ರಿಪ್ಪರ್, ಇವು ಯಾವುವೂ ಅದಕ್ಕೆ ಕಾಣುವುದಿಲ್ಲ. ಇದರ ಇನ್ನೊಂದು ಮಗ್ಗುಲನ್ನೂ ಕಂಡಿದ್ದೇನೆ. ಆಗಸ್ಟಿನಲ್ಲಿ, ಬೋರಿನಲ್ಲಿ ನೀರು ಧಾರಾಳವಾಗಿದ್ದಾಗ, ಒಣ ಓಟ ಎಂಬ ಸಂದೇಶ ಬರತೊಡಗಿತು. ಹೋಗಿ ನೋಡಿದರೆ ಡ್ರಿಪ್ಪಿನ ಫಿಲ್ಟರ್ ಕೆಂಪು ಕೆಸರಿನಿಂದ ಮುಚ್ಚಿಹೋಗಿತ್ತು. ನೀರು ಹೊರಬರಲು ದಾರಿಯಿಲ್ಲದೆ ಮೋಟಾರಿನ ಕರೆಂಟ್ ಇಳಿದಿತ್ತು, ಪೆಟ್ಟಿಗೆ ಅದನ್ನು ನೀರಿಲ್ಲವೆಂದು ಓದಿತ್ತು. ಜಾಲರಿಯನ್ನು ತೆಗೆದು ತೊಳೆದ ಮೇಲೆ ಸರಿಯಾಯಿತು. ಮಳೆಗಾಲದಲ್ಲಿ ಒಣ ಓಟದ ಸಂದೇಶ ಬಂದರೆ ಬೋರಿಗೆ ಹೆದರುವ ಮೊದಲು ಫಿಲ್ಟರ್ ನೋಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಗೇಟ್‌ವಾಲ್ವ್ ತಿರುಗಿಸುವ ಕೆಲಸವನ್ನೂ ಈ ಪೆಟ್ಟಿಗೆ ಮಾಡುವುದಿಲ್ಲ. ವಿದ್ಯುತ್ತಿನಿಂದ ತಿರುಗುವ ವಾಲ್ವುಗಳು ಮಾರುಕಟ್ಟೆಯಲ್ಲಿವೆ, ಸಣ್ಣ ತೋಟಕ್ಕೆ ಆ ಖರ್ಚು ಹೆಚ್ಚಾಯಿತು. ಪಕ್ಕದ ತೋಟದ ಹಿರಿಯರು ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ ನಮ್ಮ ವಾಲ್ವನ್ನು ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ತಿರುಗಿಸಿ ಹೋಗುತ್ತಾರೆ. ನಾನು ಅವರ ಪಹಣಿ, ರೈತರ ಸರ್ಕಾರಿ ದಾಖಲೆಯಾದ ಫ್ರೂಟ್ಸ್‌ನ ನೋಂದಣಿ, ಬೆಳೆ ಸಮೀಕ್ಷೆಯ ಆ್ಯಪ್ ಇವುಗಳ ಕೆಲಸ ನೋಡಿಕೊಡುತ್ತೇನೆ. ಸಾಧನ ಬಂದಮೇಲೆ ನಮ್ಮಿಬ್ಬರ ನಡುವಿನ ಫೋನು ಬಹಳ ಕಡಿಮೆಯಾಯಿತು. ಮೊದಲು ದಿನವೂ ಆಗುತ್ತಿದ್ದ ಆ ಎರಡು ನಿಮಿಷದ ಮಾತಿನಲ್ಲಿ ಕರೆಂಟಿನ ಜೊತೆಗೆ ಊರಿನ ಸಾವು ನೋವು, ಮದುವೆ, ಕೊಬ್ಬರಿಯ ಧಾರಣೆಯೂ ಬರುತ್ತಿತ್ತು. ಅದು ನಿಂತುಹೋದದ್ದು ನನಗೆ ನಷ್ಟವೆಂದೇ ತೋರಿತು. ಈಗ ಯಾವ ಕೆಲಸವಿಲ್ಲದಿದ್ದರೂ ವಾರದ ನಡುವೆ ಒಮ್ಮೆ ಅವರಿಗೆ ಫೋನ್ ಮಾಡುತ್ತೇನೆ. ಕೇಳುವುದಕ್ಕೆ ಏನೂ ಇಲ್ಲದೆ ಮಾಡಿದ ಆ ಕರೆಗಳಲ್ಲಿ ನಮ್ಮ ಮಾತು ಮೊದಲಿಗಿಂತ ದೀರ್ಘವಾಗಿದೆ, ಅವರ ಧ್ವನಿಯಲ್ಲೂ ಒಂದು ನಿರಾಳ ಕೇಳಿಸುತ್ತದೆ.

ಸಾಧನವನ್ನು ಕೊಂಡ ದಿನವೇ ಮಾಡಬೇಕಾದ ಒಂದು ಕೆಲಸವನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಕಂಪನಿಯಿಂದ ಬರುವಾಗ ಈ ಪೆಟ್ಟಿಗೆ ಎಲ್ಲದಕ್ಕೂ ಸಂದೇಶ ಕಳಿಸುವಂತೆ ಇರುತ್ತದೆ. ಕರೆಂಟ್ ಬಂತು, ಹೋಯಿತು, ಒಂದು ಫೇಸ್ ಇಲ್ಲ, ವೋಲ್ಟೇಜ್ ಕಡಿಮೆ, ಮತ್ತೆ ಬಂತು. ನಮ್ಮ ಕಡೆಯ ಲೈನಿನಲ್ಲಿ ಗಾಳಿ ಬೀಸಿದ ದಿನ ಈ ಸಂದೇಶಗಳಿಗೆ ಕೊನೆಯೇ ಇರುವುದಿಲ್ಲ. ಇವನ್ನೆಲ್ಲ ಹಾಗೇ ಬಿಟ್ಟುಕೊಂಡರೆ ತೋಟದ ಚಿಂತೆ ಕಡಿಮೆಯಾಗುವ ಬದಲು ಅಂಗಿಯ ಜೇಬಿನಲ್ಲೇ ಬಂದು ಕೂರುತ್ತದೆ. ಪಾಠದ ನಡುವೆ ಫೋನ್ ಅದುರಿದರೆ ವಾಕ್ಯ ಮುಗಿಸುವ ಮೊದಲೇ ಮನಸ್ಸು ನಿಟ್ಟೂರಿಗೆ ಹೋಗಿರುತ್ತದೆ. ನಾನು ಎರಡೇ ಸಂದೇಶಗಳನ್ನು ಉಳಿಸಿಕೊಂಡಿದ್ದೇನೆ: ದೋಷದಿಂದ ಮೋಟಾರ್ ನಿಂತರೆ ಒಂದು, ನಿಗದಿಯ ನಾಲ್ಕು ಗಂಟೆ ಪೂರ್ತಿಯಾದರೆ ಒಂದು. ಎರಡನ್ನೂ ಸಂಜೆ ಮನೆಗೆ ಬಂದಮೇಲೆ ಓದುತ್ತೇನೆ. ದೋಷವಿದ್ದರೂ ಕೆಲವು ಗಂಟೆ ತಡವಾಗಿ ತಿಳಿದರೆ ತೆಂಗಿನ ಮರಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಮೋಟಾರನ್ನು ಪೆಟ್ಟಿಗೆ ಆಗಲೇ ನಿಲ್ಲಿಸಿರುತ್ತದೆ. ಎಳೆಯ ತರಕಾರಿ ಬೆಳೆ ಇಟ್ಟವರಿಗೆ ಈ ಮಾತು ಹೊಂದಲಾರದು. ವಾರಕ್ಕೊಮ್ಮೆ ಹೋಗುವವನು ತೆಂಗು, ಮಾವು, ರಾಗಿಯಂಥ ತಾಳಿಕೊಳ್ಳುವ ಬೆಳೆಗಳನ್ನೇ ಇಟ್ಟುಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ.

ಹೀಗೆ ಹೊಂದಿಸಿಕೊಂಡ ಮೇಲೆ ನನ್ನ ಭಾನುವಾರಗಳು ಬೇರೆಯಾದವು. ಶನಿವಾರ ಸಂಜೆ ಅರಸೀಕೆರೆ ಕಡೆಗೆ ಹೋಗುವ ರೈಲಿನಲ್ಲಿ ನಿಟ್ಟೂರಿಗೆ ಬಂದು, ಹಳೆಯ ಮನೆಯಲ್ಲಿ ಮಲಗಿ, ಬೆಳಕು ಹರಿಯುವ ಮುನ್ನ ತೋಟಕ್ಕೆ ಇಳಿಯುತ್ತೇನೆ. ಫೋನನ್ನು ಚೀಲದಲ್ಲಿ ಹಾಕಿ ಪಂಪ್‌ಹೌಸಿನ ಮೊಳೆಗೆ ತಗುಲಿಹಾಕುತ್ತೇನೆ. ಮೋಟಾರ್ ತನ್ನ ಪಾಡಿಗೆ ಎದ್ದು ತನ್ನ ಪಾಡಿಗೆ ನಿಲ್ಲುತ್ತದೆ. ನಾನು ಲ್ಯಾಟರಲ್ ಪೈಪುಗಳ ಜೊತೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಡೆಯುತ್ತೇನೆ, ಹಿರಿಯರ ಪ್ರಶ್ನೆಗೆ ಉತ್ತರ ಹುಡುಕುವ ನಡಿಗೆ ಅದು. ಕಟ್ಟಿಕೊಂಡ ಡ್ರಿಪ್ಪರನ್ನು ಬಿಚ್ಚಿ ಊದಿ ಮತ್ತೆ ಕೂರಿಸುತ್ತೇನೆ. ಪಾತಿ ಕೆತ್ತಿ, ಸುಲಿದ ಕಾಯಿಯ ಸಿಪ್ಪೆಗಳನ್ನು ಬಟ್ಟಲಿನ ಬಾಯಿ ಮೇಲಾಗುವಂತೆ ಒತ್ತೊತ್ತಾಗಿ ಜೋಡಿಸಿ ಮೇಲೆ ಮಣ್ಣು ಎಳೆಯುತ್ತೇನೆ. ಹಾಗೆ ಜೋಡಿಸಿದ ಸಿಪ್ಪೆ ನೀರು ಹಿಡಿದುಕೊಂಡು ಬೇಸಿಗೆಯಲ್ಲಿ ಬುಡವನ್ನು ತಂಪಾಗಿಡುತ್ತದೆ. ಆಷಾಢ ಶ್ರಾವಣದಲ್ಲಾದರೆ ರಾಗಿಯ ಕಳೆ, ರಾಗಿಯ ನಡುವೆ ಬಿಟ್ಟ ಅಕ್ಕಡಿ ಸಾಲಿನ ಅವರೆ ತೊಗರಿ. ಯಾರ ಹತ್ತಿರವೂ ಮಾತಾಡದೆ ಮಧ್ಯಾಹ್ನವಾಗಿರುತ್ತದೆ.

ಈ ಏಕಾಂತವನ್ನು ಕುಟುಂಬದಿಂದ ದೂರ ಓಡಿಹೋಗುವುದು ಎಂದು ತಿಳಿಯಬಾರದು. ನನ್ನ ಹೆಂಡತಿಯೂ ಮೊದಮೊದಲು ಹಾಗೆ ತಿಳಿದಿದ್ದರು. ಸ್ಟಾರ್ಟರ್ ಬರುವ ಮೊದಲು ನಾನು ಭಾನುವಾರ ರಾತ್ರಿ ದಣಿದು, ಸಿಡುಕಿಕೊಂಡು, ಕರೆಂಟಿನ ಮೇಲಿನ ಸಿಟ್ಟನ್ನು ಮನೆಗೆ ಹೊತ್ತು ಬರುತ್ತಿದ್ದೆ. ಈಗ ದಣಿದೇ ಬರುತ್ತೇನೆ, ಆದರೆ ಮಾತಾಡಲು ಮನಸ್ಸಿರುತ್ತದೆ. ಪಾಠದಲ್ಲೂ ಅದು ಕಾಣುತ್ತದೆ. ವಿದ್ಯಾರ್ಥಿಯೊಬ್ಬ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಮತ್ತೆ ಹೇಳುವ ತಾಳ್ಮೆ ಸೋಮವಾರದಂದು ನನ್ನಲ್ಲಿ ಹೆಚ್ಚಿರುತ್ತದೆ. ಪೂರ್ತಿ ನೌಕರಿ ಬಿಟ್ಟು ತೋಟ ಸೇರಬೇಕೆಂಬ ಆಸೆ ನಲವತ್ತು ದಾಟಿದ ಅನೇಕರಿಗಿದೆ, ನನಗೂ ಇತ್ತು. ಈಗ ಅದು ಅಷ್ಟು ಕಾಡುವುದಿಲ್ಲ. ಎರಡೂ ಕೆಲಸಗಳು ಒಂದರ ಹೊತ್ತನ್ನು ಇನ್ನೊಂದು ಕಸಿಯದಿದ್ದರೆ ಎರಡನ್ನೂ ಪ್ರೀತಿಯಿಂದ ಮಾಡಬಹುದು ಎಂಬುದನ್ನು ಕಂಡಿದ್ದೇನೆ, ಅದಕ್ಕೆ ಈ ಪೆಟ್ಟಿಗೆಯ ಸಹಾಯ ಸಣ್ಣದಲ್ಲ.

ಇನ್ನು ದೋಷಗಳು. ಮೊದಲನೆಯದು ನೆಟ್‌ವರ್ಕ್. ಕಡಿಮೆ ಬೆಲೆಯ ಪೆಟ್ಟಿಗೆಗಳು ಇನ್ನೂ 2ಜಿ ತಂತ್ರದವು. ಜಿಯೋ ಜಾಲದಲ್ಲಿ 2ಜಿ ಸೇವೆ ಇಲ್ಲದಿರುವುದರಿಂದ ಅದರ ಸಿಮ್ ಅಂಥ ಪೆಟ್ಟಿಗೆಯಲ್ಲಿ ನಡೆಯುವುದಿಲ್ಲ. ಬೇರೆ ಕಂಪನಿಯ ಸಿಮ್ ಹಾಕಬೇಕು ಅಥವಾ ಹೆಚ್ಚು ಬೆಲೆಯ 4ಜಿ ಪೆಟ್ಟಿಗೆ ಕೊಳ್ಳಬೇಕು. ಕೊಳ್ಳುವ ಮೊದಲು ಪಂಪ್‌ಹೌಸಿನ ಒಳಗೇ ನಿಂತು, ಬಾಗಿಲು ಮುಚ್ಚಿ, ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಎಂದು ನೋಡಿಕೊಳ್ಳಬೇಕು. ತಗಡಿನ ಚಾವಣಿಯ ಕೆಳಗೆ ಸಿಗ್ನಲ್ ಸೊರಗುತ್ತದೆ, ಆಂಟೆನಾವನ್ನು ಹೊರಗೆ ತರಲು ಉದ್ದದ ವಯರು ಕೊಡುವ ಪೆಟ್ಟಿಗೆಯೇ ಮೇಲು. ಯಾರೂ ಮಾತಾಡದ ಈ ಸಿಮ್ಮಿಗೂ ಕಾಲಕಾಲಕ್ಕೆ ರೀಚಾರ್ಜ್ ಆಗಬೇಕು, ವರ್ಷದ ಲೆಕ್ಕದಲ್ಲಿ ಅದೊಂದು ಖರ್ಚೇ.

ಎರಡನೆಯದು ನಮ್ಮ ಪಂಪ್‌ಹೌಸುಗಳ ಸ್ಥಿತಿ. ಬೆಚ್ಚಗಿರುವ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟುತ್ತದೆ, ಮೋಟಾರಿಗೆ ಕರೆಂಟ್ ಕೂಡಿಸುವ ಕಾಂಟ್ಯಾಕ್ಟರಿನ ಸಂದಿಗೆ ಹಲ್ಲಿ ಸೇರಿಕೊಳ್ಳುತ್ತದೆ. ಮೋಟಾರ್ ಏಳುವಾಗ ಹಲ್ಲಿ ಸಿಕ್ಕಿ ಸತ್ತರೆ ಒಂದು ಫೇಸ್ ಕೂಡದೆ ಹೋಗುತ್ತದೆ. ಆಗ ದೋಷದ ಸಂದೇಶವೇನೋ ಬರುತ್ತದೆ, ಆದರೆ ದೂರದಿಂದ ಏನೂ ಮಾಡಲಾಗುವುದಿಲ್ಲ. ವಯರು ಹೋಗುವ ತೂತುಗಳನ್ನೆಲ್ಲ ಎಂಸೀಲ್ ಹಾಕಿ ಮುಚ್ಚಿಸಿದ ಮೇಲೆ ನನಗೆ ಈ ತೊಂದರೆ ತಗ್ಗಿದೆ. ಏಪ್ರಿಲ್ ಮೇ ತಿಂಗಳ ಸಿಡಿಲು ಮಳೆಗೆ ಇಂಥ ಪೆಟ್ಟಿಗೆಗಳ ಬೋರ್ಡ್ ಸುಡುವುದು ಊರಿನಲ್ಲಿ ಕಂಡಿದ್ದೇನೆ. ಒಳ್ಳೆಯ ಅರ್ಥಿಂಗ್ ಮಾಡಿಸದೆ ಇದನ್ನು ಜೋಡಿಸಬಾರದು. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯುವುದನ್ನೂ ಮರೆಯಬಾರದು.

ಮಾರಾಟದ ನಂತರದ ಸೇವೆಯ ಬಗ್ಗೆ ನನಗೆ ಸಮಾಧಾನವಿಲ್ಲ. ಪೆಟ್ಟಿಗೆಯ ಬ್ಯಾಟರಿ ವಾರಂಟಿಯ ಅವಧಿಯಲ್ಲೇ ಕೆಟ್ಟಿತು. ಬದಲಾಯಿಸಿ ಕೊಡಲು ಬಹಳ ಸತಾಯಿಸಿದರು, ಕೊನೆಗೆ ಕೊಟ್ಟರು. ರೈತ ಬೇಸಿಗೆಯ ನಡುವೆ ಕೇಳುವ ಬ್ಯಾಟರಿಯನ್ನು ಮಳೆ ಬಿದ್ದ ಮೇಲೆ ಕೊಟ್ಟರೆ ಅದು ಸೇವೆಯೆನಿಸುವುದಿಲ್ಲ. ಆದ್ದರಿಂದ ಬಿಡಿಭಾಗ ತುಮಕೂರಿನಲ್ಲೇ ಸಿಗುತ್ತದೆಯೇ, ಕೆಟ್ಟ ಪೆಟ್ಟಿಗೆಯನ್ನು ಕಳಿಸಿದಾಗ ಬದಲಿಗೆ ಒಂದನ್ನು ಕೊಟ್ಟಿರುತ್ತಾರೆಯೇ ಎಂದು ಹಣ ಕೊಡುವ ಮೊದಲು ಕೇಳಬೇಕು. ಮತ್ತೊಂದು, ಹಳೆಯ ಸ್ಟಾರ್ಟರನ್ನು ಬಿಚ್ಚಿ ಎಸೆಯಬಾರದು. ಪೆಟ್ಟಿಗೆ ಕೈಕೊಟ್ಟ ದಿನ ಕೈಯಿಂದ ಒತ್ತಿ ಓಡಿಸಲು ಒಂದು ಬೈಪಾಸ್ ಸ್ವಿಚ್ ಇರಲೇಬೇಕು. ನಮ್ಮ ಎಲೆಕ್ಟ್ರಿಷಿಯನ್ ಕೇಳದೆಯೇ ಅದನ್ನು ಹಾಕಿಕೊಟ್ಟಿದ್ದರು, ಬ್ಯಾಟರಿ ಕೆಟ್ಟ ದಿನಗಳಲ್ಲಿ ಅದರ ಬೆಲೆ ತಿಳಿಯಿತು.

ಕನ್ನಡದ ಧ್ವನಿ ಇರುವ ಪೆಟ್ಟಿಗೆಯನ್ನೇ ಆರಿಸಿದ್ದಕ್ಕೆ ನನಗೆ ಸಂತೋಷವಿದೆ. ಕರೆ ಮಾಡಿದರೆ ಕರೆಂಟ್ ಇದೆಯೇ, ಮೋಟಾರ್ ಓಡುತ್ತಿದೆಯೇ ಎಂಬುದನ್ನು ಸ್ಪಷ್ಟ ಕನ್ನಡದಲ್ಲಿ ಹೇಳುತ್ತದೆ. ಇಂಗ್ಲಿಷ್ ಸಂದೇಶ ಓದಲಾಗದ ಹಿರಿಯರೂ ಇದನ್ನು ಬಳಸಬಲ್ಲರು. ನನ್ನ, ಹೆಂಡತಿಯ, ಪಕ್ಕದ ತೋಟದವರ ನಂಬರುಗಳನ್ನು ಅದರಲ್ಲಿ ನಮೂದಿಸಿದ್ದೇನೆ. ತಯಾರಕರು ಇನ್ನೊಂದು ಸೌಲಭ್ಯ ಕೊಟ್ಟರೆ ಉಪಕಾರವಾಗುತ್ತಿತ್ತು: ತಿಂಗಳಿಗೊಮ್ಮೆ ಮೋಟಾರ್ ಒಟ್ಟು ಎಷ್ಟು ಗಂಟೆ ಓಡಿತು ಎಂಬ ಲೆಕ್ಕವನ್ನು ಅದೇ ಕನ್ನಡದ ಧ್ವನಿಯಲ್ಲಿ ಹೇಳುವುದು. ಎತ್ತಿದ ನೀರಿನ ಲೆಕ್ಕ ಕಿವಿಗೆ ಬಿದ್ದರೆ ಆಟೋದಲ್ಲಿ ಬಿಟ್ಟವರೂ ಒಮ್ಮೆ ಯೋಚಿಸಿಯಾರು.

ದಿನವೂ ತೋಟದಲ್ಲೇ ಇರುವವರಿಗೆ, ಹಗಲು ಪಾಳಿಯ ಕರೆಂಟ್ ಖಚಿತವಾಗಿ ಸಿಗುವವರಿಗೆ ಈ ಖರ್ಚು ಅಗತ್ಯವಿಲ್ಲ. ಅವರಿಗೆ ಒಣ ಓಟ ಮತ್ತು ಫೇಸ್ ರಕ್ಷಣೆಯ ಸಾದಾ ಪ್ಯಾನಲ್ ಸಾಕು. ಡ್ರಿಪ್ ಇಲ್ಲದೆ ಕಾಲುವೆಯಲ್ಲಿ ನೀರು ಹಾಯಿಸುವವರು ಮೊದಲು ಡ್ರಿಪ್ ಮಾಡಿಸಿ ಆಮೇಲೆ ಇದರ ಯೋಚನೆ ಮಾಡಬೇಕು, ಏಕೆಂದರೆ ಮಡಿಯ ಬಾಯಿ ತಿರುವಲು ಹೇಗೂ ಒಬ್ಬರು ಅಲ್ಲಿ ನಿಂತಿರಲೇಬೇಕಾಗುತ್ತದೆ. ಡ್ರಿಪ್ ಇದ್ದು, ಬೆಳೆ ತಾಳಿಕೆಯದಾಗಿದ್ದು, ವಾಲ್ವ್ ತಿರುಗಿಸಲು ಊರಿನಲ್ಲಿ ಒಬ್ಬ ಆಪ್ತರಿದ್ದು, ವಾರದ ಕೊನೆಯಲ್ಲಿ ಮಾತ್ರ ತೋಟಕ್ಕೆ ಹೋಗಬಲ್ಲವರು ಧೈರ್ಯವಾಗಿ ಕೊಳ್ಳಬಹುದು. ಪಕ್ಕದ ತೋಟದ ಹಿರಿಯರೂ ರಾತ್ರಿ ಪಾಳಿಗೆ ಎದ್ದುಹೋಗುವುದು ಇನ್ನು ಆಗದು ಎಂದು ಈ ಬೇಸಿಗೆಗೆ ಮುಂಚೆ ಒಂದನ್ನು ಹಾಕಿಸಲು ಹೇಳಿದ್ದಾರೆ. ನಾನು 4ಜಿಯದನ್ನು, ಆಂಟೆನಾ ವಯರು ಉದ್ದವಿರುವುದನ್ನು ನೋಡುತ್ತಿದ್ದೇನೆ; ನಮ್ಮಿಬ್ಬರ ಮೋಟಾರುಗಳೂ ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಇರುವುದರಿಂದ ಅವರದು ಕರೆಂಟ್ ಬಂದ ಐದು ನಿಮಿಷಕ್ಕೆ, ನನ್ನದು ಹದಿನೈದು ನಿಮಿಷಕ್ಕೆ ಏಳುವಂತೆ ಇಡುವುದೆಂದು ಮಾತಾಗಿದೆ.